ಸೀಲ್ ಬೇಟೆಗಾರನ ಅಂಗಿಯಿಂದ ನಾವು ಕಲಿಯಬೇಕಾದ್ದು

ಮಕ್ಕಳೇ, ಒಂದು ಪ್ರಶ್ನೆಯಿಂದ ಶುರು ಮಾಡೋಣ. ಹೊರಗೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಸುತ್ತಮುತ್ತ ಒಂದು ಮರವಿಲ್ಲ, ಗೋಡೆಯಿಲ್ಲ, ಬೆಂಕಿಯಿಲ್ಲ. ಕಾಲ ಕೆಳಗೆ ಇರುವುದು ಹೆಪ್ಪುಗಟ್ಟಿದ ಸಮುದ್ರ. ಅಂಥ ಜಾಗದಲ್ಲಿ ಒಬ್ಬ ಮನುಷ್ಯ ಕೈಯಲ್ಲಿ ಈಟಿ ಹಿಡಿದು, ಮಂಜುಗಡ್ಡೆಯಲ್ಲಿರುವ ಒಂದು ಸಣ್ಣ ತೂತಿನ ಕಡೆ ಬಗ್ಗಿ, ಗಂಟೆಗಟ್ಟಲೆ ಅಲುಗಾಡದೆ ಕಾಯಬೇಕು. ಅವನು ಏನು ತೊಟ್ಟಿರಬೇಕು?

ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗೆಲ್ಲ ಹಿಂದಿನ ಬೆಂಚಿನಿಂದ ಒಂದೇ ಉತ್ತರ ಬರುತ್ತದೆ: "ತುಂಬಾ ದಪ್ಪ ಜಾಕೆಟ್ ಸಾರ್!" ಈ ಉತ್ತರ ಪೂರ್ತಿ ತಪ್ಪಲ್ಲ. ಆದರೆ ಆ ಬೇಟೆಗಾರ ಈ ಉತ್ತರವನ್ನು ನಂಬಿ ಹೊರಟಿದ್ದರೆ ಮನೆಗೆ ವಾಪಸ್ ಬರುತ್ತಿರಲಿಲ್ಲ. ಅಂಗಡಿಗೆ ಹೋದಾಗ ನಾವೂ ಇದೇ ಉತ್ತರವನ್ನು ನಂಬಿ ದುಡ್ಡು ಕಳೆದುಕೊಳ್ಳುತ್ತೇವೆ. ಚಳಿಯ ಬಟ್ಟೆ ಆರಿಸುವಾಗ ದಪ್ಪ, ಹೊಳಪು, ಬೆಲೆ ನೋಡುವುದನ್ನು ಬಿಟ್ಟು ಮೂರು ಪ್ರಶ್ನೆ ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಇದು ಗಾಳಿಯನ್ನು ಕದಲದಂತೆ ಹಿಡಿದಿಡುತ್ತದಾ? ಒಣಗಿಯೇ ಇರುತ್ತದಾ? ಹರಿದರೆ ಹೊಲಿಯಲು ಬರುತ್ತದಾ? ಈ ಮೂರನ್ನೂ ಕಲಿಯಲು ಆರ್ಕ್ಟಿಕ್ ಪ್ರದೇಶದ ಬೇಟೆಗಾರರಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಅವರು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಉತ್ತರ ಕೆನಡಾ, ಗ್ರೀನ್‌ಲ್ಯಾಂಡ್, ಅಲಾಸ್ಕಾ ಕರಾವಳಿಯ ಜನ. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಇವರನ್ನು 'ಎಸ್ಕಿಮೊ' ಅಂತ ಬರೆದಿರುತ್ತಿತ್ತು. ಕೆನಡಾದವರು ತಮ್ಮನ್ನು ಕರೆದುಕೊಳ್ಳುವುದು 'ಇನುಯಿಟ್' ಅಂತ. ಅವರ ಭಾಷೆಯಲ್ಲಿ ಅದರ ಅರ್ಥ 'ಜನರು', ಅಷ್ಟೇ. ಅಲ್ಲಿ ರಾಗಿ, ಜೋಳ, ಭತ್ತ ಬೆಳೆಯುವುದಿಲ್ಲ. ಸೀಲ್, ಮೀನು, ಕ್ಯಾರಿಬೂ ಎಂಬ ಹಿಮಸಾರಂಗ, ಇವೇ ಅವರ ಸಂಪ್ರದಾಯದ ಊಟ. ಅಲ್ಲಿ ಬೇಟೆ ಮೋಜಲ್ಲ, ಅದು ಒಲೆ ಉರಿಯುವ ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯಾದದ್ದೇ. ಬೇಟೆ ಆಡಿ ಅಂತ ನಾನು ಹೇಳುತ್ತಿಲ್ಲ. ಬೇಟೆಗಾರನ ಅಂಗಿಯನ್ನು ನೋಡಿ ಅಂತ ಹೇಳುತ್ತಿದ್ದೇನೆ.

ಸೀಲ್ ನೀರಿನಲ್ಲಿ ಬದುಕಿದರೂ ಅದಕ್ಕೆ ಕಿವಿರಿಲ್ಲ, ನಮ್ಮ ಹಾಗೆ ಶ್ವಾಸಕೋಶ ಇದೆ. ಸಮುದ್ರದ ಮೇಲ್ಭಾಗ ಹೆಪ್ಪುಗಟ್ಟಿದಾಗ ಅದು ತನ್ನ ಉಗುರಿನಿಂದ ಮಂಜುಗಡ್ಡೆಯನ್ನು ಕೆರೆದು ಉಸಿರಾಟದ ತೂತುಗಳನ್ನು ಮುಚ್ಚದಂತೆ ಉಳಿಸಿಕೊಳ್ಳುತ್ತದೆ. ಒಂದೇ ಸೀಲ್‌ಗೆ ಇಂಥ ತೂತು ಹಲವು. ಯಾವ ತೂತಿಗೆ ಯಾವಾಗ ಬರುತ್ತದೋ ಹೇಳಲಾಗದು. ಬೇಟೆಗಾರ ಒಂದು ತೂತನ್ನು ಆರಿಸಿಕೊಂಡು ಕಾಯುತ್ತಾನೆ. ಕಾಲು ಸ್ವಲ್ಪ ಉಜ್ಜಿದರೂ ಸದ್ದು ಮಂಜುಗಡ್ಡೆಯ ಮೂಲಕ ನೀರಿಗೆ ಇಳಿಯುತ್ತದೆ, ಸೀಲ್ ಬರುವುದಿಲ್ಲ. ಅದಕ್ಕೇ ಅವನು ಕಾಲ ಕೆಳಗೆ ಒಂದು ತುಂಡು ತುಪ್ಪಳದ ತೊಗಲು ಹಾಸಿಕೊಂಡು ನಿಲ್ಲುತ್ತಾನೆ. ಚಳಿ ಅಂತ ಕೈ ಉಜ್ಜುವಂತಿಲ್ಲ, ಕುಣಿಯುವಂತಿಲ್ಲ.

ಈಗ ಲೆಕ್ಕ ಹಾಕಿ. ಸುಮ್ಮನೆ ಕುಳಿತ ದೊಡ್ಡ ಮನುಷ್ಯನ ದೇಹ ಸುಮಾರು 100 ವಾಟ್ ಶಾಖ ಹೊರಬಿಡುತ್ತದೆ. ಹಳೆಯ ಕಾಲದ ಒಂದು 100 ವಾಟ್ ಬಲ್ಬಿನಷ್ಟು ಅನ್ನಿ. ಅವನೇ ಜೋರಾಗಿ ನಡೆದರೆ, ಜಾರುಬಂಡಿ ತಳ್ಳಿದರೆ ಇದು ಹಲವು ಪಟ್ಟು ಏರುತ್ತದೆ. ಅಂದರೆ ತೂತಿನ ಜಾಗಕ್ಕೆ ಹೋಗುವಾಗ ಅವನಿಗೆ ಸೆಕೆ, ಹೋಗಿ ನಿಂತ ಮೇಲೆ ಚಳಿ. ಅದೇ ಮನುಷ್ಯ, ಅದೇ ದಿನ, ಅದೇ ಬಟ್ಟೆ. ಬರೀ ದಪ್ಪವಾಗಿರುವ ಒಂದೇ ಅಂಗಿ ಈ ಎರಡು ಹೊತ್ತಿಗೂ ಹೊಂದುವುದಿಲ್ಲ. ನಡೆಯುವಾಗ ಅದರೊಳಗೆ ಬೆವರು ಸುರಿಯುತ್ತದೆ, ನಿಂತ ಮೇಲೆ ಆ ಬೆವರೇ ಶತ್ರುವಾಗುತ್ತದೆ.

ಇನುಯಿಟ್ ಜನ ಇದಕ್ಕೆ ಕಂಡುಕೊಂಡ ಉಪಾಯ ಎರಡು ಪದರದ ಉಡುಪು. ಎರಡೂ ಕ್ಯಾರಿಬೂ ತೊಗಲಿನವು. ಒಳಗಿನ ಅಂಗಿಯಲ್ಲಿ ಕೂದಲು ಮೈಕಡೆಗೆ ಇರುತ್ತದೆ, ಅದರ ಹೆಸರು 'ಅತಿಗಿ'. ಹೊರಗಿನದರಲ್ಲಿ ಕೂದಲು ಹೊರಗಡೆಗೆ, ಅದು 'ಕುಲಿತ್ತಾಕ್'. ಚಲ್ಲಣವೂ ಹೀಗೇ ಎರಡು. ಎರಡೂ ಸಡಿಲ. ಎದುರಿಗೆ ಗುಂಡಿ ಸಾಲಿಲ್ಲ, ತಲೆಯ ಮೇಲಿಂದ ತೊಡಬೇಕು, ಟೋಪಿ ಅಂಗಿಗೇ ಸೇರಿರುತ್ತದೆ. ನಡೆಯುವಾಗ ಸೆಕೆಯಾದರೆ ಟೋಪಿಯನ್ನು ಹಿಂದಕ್ಕೆ ಸರಿಸಿ ಕುತ್ತಿಗೆಯ ಹತ್ತಿರ ಸಡಿಲ ಮಾಡಿಕೊಂಡರೆ ಸಾಕು, ಒಳಗಿನ ಬಿಸಿಗಾಳಿ ಮೇಲಕ್ಕೆ ಹೋಗಿಬಿಡುತ್ತದೆ. ನಿಂತಾಗ ಮತ್ತೆ ಮುಚ್ಚಿಕೊಂಡರೆ ಗಾಳಿ ಒಳಗೇ ನಿಲ್ಲುತ್ತದೆ. ನೀವು ವಿಜ್ಞಾನದಲ್ಲಿ ಓದುವ 'ಸಂವಹನ' ಇದೇ ಅಲ್ವಾ? ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಪುಸ್ತಕದಲ್ಲಿ ಅದು ಎರಡು ಅಂಕದ ಪ್ರಶ್ನೆ, ಅಲ್ಲಿ ಜೀವ ಉಳಿಸುವ ಕಿಟಕಿ.

ಕ್ಯಾರಿಬೂ ತೊಗಲೇ ಯಾಕೆ? ಅದರ ಹೊರಗೂದಲಿನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿವೆ. ಕೂದಲ ನಡುವೆ ಗಾಳಿ, ಕೂದಲ ಒಳಗೂ ಗಾಳಿ, ಎರಡು ಪದರಗಳ ಮಧ್ಯೆ ಇನ್ನಷ್ಟು ಗಾಳಿ. ಬಟ್ಟೆ ತಾನಾಗಿ ಶಾಖ ಹುಟ್ಟಿಸುವುದಿಲ್ಲ ಮಕ್ಕಳೇ, ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಶಾಖ ಹುಟ್ಟುವುದು ನಿಮ್ಮ ದೇಹದಲ್ಲಿ. ಬಟ್ಟೆಯ ಕೆಲಸ ಗಾಳಿಯನ್ನು ಕದಲದಂತೆ ಹಿಡಿದಿಡುವುದು. ಕದಲದ ಗಾಳಿ ಬಹಳ ಕೆಟ್ಟ ಉಷ್ಣವಾಹಕ, ಅದರಿಂದಲೇ ನಮಗೆ ಒಳ್ಳೆಯದು. ಬಿಗಿಯಾದ ಅಂಗಿ ಹಾಕಿದರೆ ಆ ಗಾಳಿಯನ್ನು ನಾವೇ ಹಿಂಡಿ ಹೊರಗೆ ಹಾಕಿದ ಹಾಗೆ. ಒಂದರ ಮೇಲೊಂದು ಮೂರು ಬಿಗಿಯಾದ ಸ್ವೆಟರ್ ಹಾಕಿಕೊಂಡವನಿಗಿಂತ ಸಡಿಲವಾಗಿ ಎರಡು ಹಾಕಿಕೊಂಡವನು ಬೆಚ್ಚಗಿರುವುದು ಇದಕ್ಕೇ.

ಇನ್ನು ಎರಡನೇ ಪ್ರಶ್ನೆ, ಒಣಗಿರುವುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆಯಲ್ಲಿ ಗಾಳಿ ಇದ್ದ ಜಾಗಕ್ಕೆ ನೀರು ಬಂದು ಕೂತರೆ ಮೈಯ ಶಾಖಕ್ಕೆ ಬಾಗಿಲು ತೆರೆದ ಹಾಗಾಯಿತು. ಅಷ್ಟೇ ಅಲ್ಲ, ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2400 ಜೂಲ್ ಶಾಖ ಬೇಕು. ಬೇಸಿಗೆಯಲ್ಲಿ ನಮ್ಮನ್ನು ತಂಪಾಗಿಡುವುದು ಇದೇ ಗುಪ್ತೋಷ್ಣ. ಚಳಿಯಲ್ಲಿ ನಮ್ಮನ್ನು ನಡುಗಿಸುವುದೂ ಅದೇ.

ಹಾಗಾಗಿ ಬೇಟೆಗಾರ ಬೆವರದಂತೆ ನಡೆಯುತ್ತಾನೆ. ಮನೆಗೆ ಬಂದಾಗ ಒಳಗೆ ಹೋಗುವ ಮೊದಲೇ ಬಟ್ಟೆಯ ಮೇಲಿನ ಹಿಮವನ್ನೆಲ್ಲ ಒಂದು ಕೋಲಿನಿಂದ ಬಡಿದು ಉದುರಿಸುತ್ತಾನೆ. ಈ ಬಡಿಯುವ ಕೋಲು ಹಿಂದೆ ಅಲ್ಲಿನ ಮನೆಗಳ ಸಾಮಾನಾಗಿತ್ತು. ಹಿಮ ಹಾಗೇ ಒಳಗೆ ಬಂದರೆ ಕರಗಿ ನೀರಾಗುತ್ತದೆ, ತೊಗಲು ಒದ್ದೆಯಾಗುತ್ತದೆ, ಮರುದಿನ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಟೋಪಿಯ ಅಂಚಿಗೆ ವುಲ್ವರೀನ್ ಎಂಬ ಪ್ರಾಣಿಯ ತುಪ್ಪಳ ಹೊಲಿಯುವುದೂ ಇದೇ ಲೆಕ್ಕದಲ್ಲಿ. ನಮ್ಮ ಉಸಿರಿನ ತೇವ ಅದರ ಮೇಲೆ ಹೆಪ್ಪುಗಟ್ಟಿದರೂ ಕೈಯಿಂದ ತಟ್ಟಿದರೆ ಸುಲಭವಾಗಿ ಉದುರಿಹೋಗುತ್ತದೆ.

ಮೂರನೇ ಪ್ರಶ್ನೆ ಬಾಳಿಕೆಯದ್ದು. ಇಲ್ಲಿ ನಿಮಗೆ ಆಶ್ಚರ್ಯವಾಗಬಹುದು. ಕ್ಯಾರಿಬೂ ತೊಗಲು ಹತ್ತು ವರ್ಷ ಬರುವ ವಸ್ತುವೇ ಅಲ್ಲ. ಕೂದಲು ಪೆಡಸು, ಮುರಿಯುತ್ತದೆ, ಉದುರುತ್ತದೆ. ಬೆಚ್ಚನೆಯ ಜಾಗದಲ್ಲಿ ಇಟ್ಟರೆ ತೊಗಲು ಕೆಡುತ್ತದೆ. ಹಾಗಿದ್ದರೂ ಸಾವಿರಾರು ವರ್ಷ ಅದನ್ನೇ ನಂಬಿ ಬದುಕಿದರು. ಹೇಗೆ? ಆರಿಸುವ ಜಾಣ್ಮೆಯಿಂದ, ಹೊಲಿಯುವ ಜಾಣ್ಮೆಯಿಂದ.

ಆರಿಸುವುದು ನೋಡಿ. ನಡುಚಳಿಗಾಲದ ತೊಗಲಿನ ಕೂದಲು ತುಂಬಾ ಉದ್ದ, ತುಂಬಾ ದಪ್ಪ. "ಹಾಗಾದರೆ ಅದೇ ಒಳ್ಳೆಯದು" ಅಂತ ನಾವು ಅಂದುಕೊಳ್ಳುತ್ತೇವೆ. ಅವರು ಅದನ್ನು ಹಾಸಿಗೆಗೆ ಇಡುತ್ತಾರೆ. ಅಂಗಿಗೆ ಬೇಕಾದ್ದು ಆಗಸ್ಟ್-ಸೆಪ್ಟೆಂಬರ್ ಹೊತ್ತಿನ ತೊಗಲು. ಆಗ ಕೂದಲು ಒತ್ತಾಗಿ ಬಂದಿರುತ್ತದೆ, ಆದರೆ ಉದ್ದವಾಗಿರುವುದಿಲ್ಲ. ಒಂದು ಬಗೆಯ ನೊಣದ ಮರಿಹುಳುಗಳು ಪ್ರಾಣಿಯ ತೊಗಲಿನಲ್ಲಿ ಮಾಡಿದ ತೂತುಗಳೂ ಆ ಹೊತ್ತಿಗೆ ಮಾಗಿರುತ್ತವೆ. ಅತಿ ದಪ್ಪದ್ದನ್ನು ಬಿಟ್ಟು ತಕ್ಕದ್ದನ್ನು ಹಿಡಿಯುವುದು ಅಂದರೆ ಇದೇ.

ಹೊಲಿಗೆ ಹೆಂಗಸರದ್ದು. ತೊಗಲನ್ನು ಕೆರೆದು ಮೆತ್ತಗೆ ಮಾಡುವುದು, 'ಉಲು' ಎಂಬ ಅರ್ಧಚಂದ್ರದ ಚಾಕುವಿನಿಂದ ಕತ್ತರಿಸುವುದು, ಪ್ರಾಣಿಯ ಸ್ನಾಯುವಿನ ನಾರಿನಿಂದ ಹೊಲಿಯುವುದು. ನೀರು ತಾಗುವ ಸೀಲ್ ತೊಗಲಿನ ಬೂಟಿಗೆ ಹೊಲಿಗೆಯೇ ಬೇರೆ. ಸೂಜಿ ತೊಗಲನ್ನು ಆಚೆ ಬದಿಯವರೆಗೆ ತೂತು ಮಾಡಬಾರದು, ಅರ್ಧ ದಪ್ಪದಲ್ಲೇ ತಿರುಗಬೇಕು. ಮೇಲಾಗಿ ನಾರಿನ ದಾರ ನೀರು ತಾಗಿದರೆ ಉಬ್ಬಿ ತನ್ನ ತೂತನ್ನು ತಾನೇ ಮುಚ್ಚುತ್ತದೆ. ಒಂದು ಹೊಲಿಗೆ ಬಿಟ್ಟರೆ ಅಲ್ಲಿಂದ ಗಾಳಿ ನುಗ್ಗಿ ಬೇಟೆಗಾರನ ಬೆರಳೋ ಕಾಲೋ ಹೋಗುತ್ತದೆ. ಅದಕ್ಕೇ ಹರಿದದ್ದನ್ನು ಆಗಲೇ ಹೊಲಿಯಬೇಕು, ನಾಳೆ ಅನ್ನುವಂತಿಲ್ಲ. ಬಾಳಿಕೆ ಅಂದರೆ ಎಂದೂ ಹರಿಯದೇ ಇರುವುದು ಅಂತ ನಾವು ತಿಳಿದಿದ್ದೇವೆ. ಹರಿದ ಮೇಲೂ ಮನೆಯಲ್ಲೇ ಸರಿಮಾಡಲು ಆಗುವುದು ಬಾಳಿಕೆ. ಜಿಪ್ ಹೋದ ಕೂಡಲೇ ಮೂಲೆ ಸೇರುವ ಸಾವಿರಾರು ರೂಪಾಯಿಯ ಜಾಕೆಟ್‌ಗೆ ಬಾಳಿಕೆ ಇದೆ ಅಂತ ಹೇಗೆ ಹೇಳುವುದು?

ಈ ಹೆಂಗಸರು ಯಾರೂ ಪ್ರಯೋಗಶಾಲೆ ಕಂಡವರಲ್ಲ. ಆದರೂ ಅವರು ಮಾಡಿದ್ದು ವಿಜ್ಞಾನವೇ ಅನ್ನೋದು ನನ್ನ ವಾದ. ನೋಡಿದರು, ಮಾಡಿದರು, ತಪ್ಪಿದ್ದನ್ನು ಬಿಟ್ಟರು, ಸರಿಯಾದದ್ದನ್ನು ಮಗಳಿಗೆ ಕಲಿಸಿದರು. ಹೊರಗಿನವರಲ್ಲಿ ಇದನ್ನು ಮೊದಲೇ ಗುರುತಿಸಿದವರ ಪೈಕಿ ನಾರ್ವೆಯ ರೋಆಲ್ ಅಮುಂಡ್ಸೆನ್ ಒಬ್ಬ. 1903ರಿಂದ 1905ರವರೆಗೆ ಅವನು ಕೆನಡಾದ ಕಿಂಗ್ ವಿಲಿಯಂ ದ್ವೀಪದಲ್ಲಿ ಹಡಗು ನಿಲ್ಲಿಸಿಕೊಂಡಿದ್ದಾಗ ಅಲ್ಲಿನ ನೆತ್ಸಿಲಿಕ್ ಇನುಯಿಟ್ ಜನರ ಹತ್ತಿರ ವಿದ್ಯಾರ್ಥಿಯಂತೆ ಕೂತು ಬಟ್ಟೆ ತೊಡುವುದನ್ನು ಕಲಿತ. ಅದೇ ಮಾದರಿಯ ತುಪ್ಪಳದ ಉಡುಪನ್ನು ದಕ್ಷಿಣ ಧ್ರುವದ ಯಾತ್ರೆಗೂ ಒಯ್ದ. 1911ರ ಡಿಸೆಂಬರ್ 14ರಂದು ಅವನ ತಂಡ ಎಲ್ಲರಿಗಿಂತ ಮೊದಲು ಅಲ್ಲಿ ತಲುಪಿತು. ಬಟ್ಟೆಯೊಂದೇ ಕಾರಣ ಅಂತ ಹೇಳಿದರೆ ತಪ್ಪಾಗುತ್ತದೆ. ನಾಯಿಗಳು, ಸ್ಕೀ, ಆಹಾರದ ಲೆಕ್ಕ, ಎಲ್ಲವೂ ಸೇರಿತ್ತು. ಆದರೆ ಕಲಿಯಲು ನಾಚಿಕೊಳ್ಳದ ಅವನ ಗುಣ ಇದೆಯಲ್ಲ, ಅದು ದೊಡ್ಡದು.

ಇಂದು ಚಳಿದೇಶಗಳಲ್ಲಿ ಬೇಟೆಗೆ, ಬೆಟ್ಟ ಹತ್ತಲು ಹೋಗುವವರು ಅಂಗಡಿಯಿಂದ ಕೊಳ್ಳುವುದು ಮೂರು ಪದರ. ಮೈಗೆ ತಾಗುವುದು ಬೆವರನ್ನು ಹೊರಗೆ ಸಾಗಿಸುವ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್. ನಡುವಿನದು ಗಾಳಿ ಹಿಡಿಯುವ ಉಣ್ಣೆ, ಫ್ಲೀಸ್ ಅಥವಾ ಹಕ್ಕಿಯ ನವಿರುಗರಿ. ಹೊರಗಿನದು ಗಾಳಿ-ಮಳೆ ತಡೆಯುವುದು. ವಸ್ತು ಬೇರೆ, ತತ್ವ ಅದೇ. ಹತ್ತಿಯನ್ನು ಮೈಗೆ ತಾಗಿಸಿ ಹಾಕಬೇಡಿ ಅಂತ ಅಲ್ಲಿ ಹೊಸಬರಿಗೆ ಮೊದಲೇ ಹೇಳುತ್ತಾರೆ. ಹತ್ತಿ ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟುತ್ತದೆ, ಬೇಗ ಒಣಗುವುದಿಲ್ಲ. ಸೊಲ್ಲಾಪುರದ ಅಥವಾ ಆದೋನಿಯ ಬೇಸಿಗೆಗೆ ಹತ್ತಿ ಹಿತವಾಗಿರುವುದು ಇದೇ ಗುಣದಿಂದ! ಉಣ್ಣೆಯ ರೀತಿ ಬೇರೆ. ತನ್ನ ತೂಕದ ಸುಮಾರು 30 ಪ್ರತಿಶತ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಅದರ ಎಳೆ ಸುರುಳಿಸುರುಳಿಯಾಗಿರುವುದರಿಂದ ತೇವವಾದಾಗಲೂ ಸ್ವಲ್ಪ ಗಾಳಿ ಒಳಗೇ ಉಳಿಯುತ್ತದೆ. ಬೇಟೆಗಾರನಿಗೆ ಇನ್ನೊಂದು ಲಾಭ ಅಂದ್ರೆ, ಉಣ್ಣೆ ನೈಲಾನಿನ ಹಾಗೆ ಸರಬರ ಸದ್ದು ಮಾಡುವುದಿಲ್ಲ.

"ಅದೆಲ್ಲ ಆರ್ಕ್ಟಿಕ್ಕಿನ ಮಾತು, ನಮಗ್ಯಾಕೆ ಸಾರ್?" ಅಂತ ನೀವು ಕೇಳಬಹುದು. ಕೇಳಲೇಬೇಕು. ಉದಕಮಂಡಲ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಯ ಕೆಲವು ಬೆಳಗ್ಗೆ ಅಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ ಕಟ್ಟಿರುತ್ತದೆ. ನೀಲಗಿರಿಯಲ್ಲಿ ಆಗಲಿ, ವಯನಾಡಿನಲ್ಲಿ ಆಗಲಿ, ತಾಳವಾಡಿಯ ಬೆಟ್ಟದ ಹಳ್ಳಿಯಲ್ಲಿ ಆಗಲಿ, ಬೆಳಗಿನ ಚಳಿಗೆ ಒಂದು ದಪ್ಪ ನೈಲಾನ್ ಜಾಕೆಟ್ ಹಾಕಿಕೊಂಡು ಏರು ದಾರಿಯಲ್ಲಿ ಓಡಿ ಶಾಲೆಗೆ ಬರುವ ಹುಡುಗನನ್ನು ನೆನೆಸಿಕೊಳ್ಳಿ. ಒಳಗಿನ ಹತ್ತಿ ಅಂಗಿ ಬೆವರಿನಿಂದ ತೊಯ್ದಿದೆ. ಆಮೇಲೆ ತಣ್ಣನೆಯ ಕೋಣೆಯಲ್ಲಿ ಮೊದಲ ಎರಡು ಪೀರಿಯಡ್ ಕೂತಿರಬೇಕು. ಆ ಸೀಲ್ ಬೇಟೆಗಾರನ ಕಷ್ಟವೇ ಇವನದ್ದೂ: ನಡೆಯುವಾಗ ಸೆಕೆ, ನಿಂತಾಗ ಚಳಿ. ಪಾಠ ತಲೆಗೆ ಹೋಗಲಿಲ್ಲ ಅಂತ ಬೈಯುವ ಮೊದಲು ನಾವು ಅಧ್ಯಾಪಕರು ಅವನ ಬೆನ್ನು ಮುಟ್ಟಿ ನೋಡಬೇಕು.

ಅವನಿಗೆ ಬೇಕಾದ್ದು ಹೊಸ ಜಾಕೆಟ್ ಅಲ್ಲ. ಒಂದು ದಪ್ಪದ ಬದಲು ಎರಡು ತೆಳು ಉಣ್ಣೆ ಸ್ವೆಟರ್, ಅಥವಾ ಒಂದು ಸ್ವೆಟರ್ ಮತ್ತು ಮೇಲೊಂದು ಗಾಳಿ ತಡೆಯುವ ಹಗುರ ಅಂಗಿ. ಏರು ಹತ್ತುವಾಗ ಒಂದನ್ನು ತೆಗೆದು ಚೀಲಕ್ಕೆ ಹಾಕುವುದು, ಕೂತ ಮೇಲೆ ತೊಡುವುದು. ಸಮವಸ್ತ್ರದ ಬಣ್ಣ ಒಂದೇ ಇರಲಿ, ಆದರೆ ಒಂದೇ ಸ್ವೆಟರ್ ಹಾಕಬೇಕು, ಒಳಗೆ ಬೇರೇನೂ ಕಾಣಬಾರದು ಅನ್ನುವ ನಿಯಮ ಚಳಿಯ ಊರಿಗೆ ಹೊಂದುವುದಿಲ್ಲ. ಹಿರಿಯರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಬೇಕು.

ಇನ್ನೊಂದು ಮಾತು ನಮ್ಮ ಮನೆಯದ್ದು. ಜತ್ತ, ಅಕ್ಕಲಕೋಟೆಯ ಕಡೆ ಕುರಿ ಕಾಯುವವರ ಹೆಗಲ ಮೇಲೆ, ರಾಯದುರ್ಗ, ಮಡಕಶಿರದ ಕಡೆ ಅಜ್ಜಂದಿರ ಹೆಗಲ ಮೇಲೆ ಕರಿಕಂಬಳಿ ನೋಡಿರುತ್ತೀರಿ. ಕನ್ನಡದಲ್ಲಿ ಕಂಬಳಿ, ತೆಲುಗಿನಲ್ಲಿ ಗೊಂಗಡಿ, ಮರಾಠಿಯಲ್ಲಿ ಘೋಂಗಡಿ. ಗಡಿಯ ಎರಡೂ ಕಡೆ ಅದೇ ಕುರಿಯ ಉಣ್ಣೆ. ನೇಯುವಾಗ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿ ಕೊಡುತ್ತಾರೆ. ಹೊದ್ದರೆ ಚಳಿಗೆ, ಹಾಸಿದರೆ ನೆಲಕ್ಕೆ, ಮಡಚಿ ತಲೆ ಮೇಲೆ ಕೊಪ್ಪೆ ಹಾಕಿಕೊಂಡರೆ ಮಳೆಗೆ. ನೀಲಗಿರಿಯ ಚಹಾ ತೋಟದಲ್ಲಿ ಎಲೆ ಕೀಳುವ ತಾಯಂದಿರು ಒದ್ದೆ ಗಿಡ ತಾಗದಿರಲಿ ಅಂತ ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳುವುದೂ ಪದರದ ಲೆಕ್ಕವೇ. ಇದನ್ನು 'ಹಳೇ ಕಾಲದ್ದು', 'ಬಡವರದ್ದು' ಅಂತ ನಗುವುದು ನನಗೆ ಸರಿಕಾಣುವುದಿಲ್ಲ.

ನಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಇನುಯಿಟ್ ಜನರ ಕಥೆಯೇ ಸಾಕ್ಷಿ. ಕೆನಡಾದಲ್ಲಿ ಅವರ ಮಕ್ಕಳನ್ನು ಅಪ್ಪ-ಅಮ್ಮನಿಂದ ಬೇರೆ ಮಾಡಿ ದೂರದ ವಸತಿ ಶಾಲೆಗಳಿಗೆ ಕಳಿಸಿದ ಕಾಲವೊಂದಿತ್ತು. ಅಲ್ಲಿ ಅವರ ಭಾಷೆಗೆ ಜಾಗವಿರಲಿಲ್ಲ. 2008ರಲ್ಲಿ ಅಲ್ಲಿನ ಸರ್ಕಾರ ಪಾರ್ಲಿಮೆಂಟಿನಲ್ಲೇ ಕ್ಷಮೆ ಕೇಳಿತು. ಅಮ್ಮನ ಪಕ್ಕ ಕೂತು ಹೊಲಿಗೆ ಕಲಿಯಬೇಕಾದ ವರ್ಷಗಳು ಹೋದರೆ ಅತಿಗಿ, ಕುಲಿತ್ತಾಕ್, ಉಲು ಎಂಬ ಮಾತುಗಳ ಜೊತೆ ಅದರ ಕೈಕೆಲಸವೂ ಹೋಗುತ್ತದೆ. ಈಗ ಅಲ್ಲಿನ ಹಿರಿಯ ಹೆಂಗಸರು ಹುಡುಗಿಯರನ್ನು ಕೂರಿಸಿಕೊಂಡು ಮತ್ತೆ ಕಲಿಸುತ್ತಿದ್ದಾರೆ. ಕಾರ್ಖಾನೆಯ ಜಾಕೆಟ್ ಅಲ್ಲೂ ಬಂದಿದೆ, ಬರಲಿ. ಆದರೂ ದೂರದ ಚಳಿಗಾಲದ ಪಯಣಕ್ಕೆ ಕ್ಯಾರಿಬೂ ಉಡುಪನ್ನೇ ಆರಿಸುವ ಬೇಟೆಗಾರರು ಇಂದಿಗೂ ಇದ್ದಾರೆ. ಇನ್ನೊಂದು ರಾಜ್ಯದ ಗಡಿಯೊಳಗೆ ಕೂತು ಕನ್ನಡದಲ್ಲಿ ಓದುವ ನಿಮಗೆ ಈ ಮಾತು ಬೇಗ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.

ನನ್ನ ಮಾತನ್ನು ಹಾಗೇ ನಂಬಬೇಡಿ, ಮಾಡಿ ನೋಡಿ. ಒಂದೇ ಅಳತೆಯ ನಾಲ್ಕು ಸ್ಟೀಲ್ ಲೋಟ ತಗೊಳ್ಳಿ. ದೊಡ್ಡವರ ಸಹಾಯದಿಂದ ನಾಲ್ಕಕ್ಕೂ ಒಂದೇ ಅಳತೆಯ ಬಿಸಿನೀರು ಹಾಕಿ, ತಟ್ಟೆ ಮುಚ್ಚಿ. ಮೊದಲನೆಯದಕ್ಕೆ ಏನೂ ಸುತ್ತಬೇಡಿ. ಎರಡನೆಯದಕ್ಕೆ ಉಣ್ಣೆ ಬಟ್ಟೆಯನ್ನು ದಾರದಿಂದ ಬಿಗಿದು ಕಟ್ಟಿ. ಮೂರನೆಯದಕ್ಕೆ ಅಷ್ಟೇ ಉಣ್ಣೆ ಬಟ್ಟೆಯನ್ನು ಎರಡು ಪದರವಾಗಿ ಸಡಿಲವಾಗಿ ಸುತ್ತಿ. ನಾಲ್ಕನೆಯದಕ್ಕೂ ಮೂರನೆಯದರ ಹಾಗೇ ಸುತ್ತಿ, ಆದರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿ. ಐದೈದು ನಿಮಿಷಕ್ಕೆ ಥರ್ಮಾಮೀಟರ್ ಇಟ್ಟು ಉಷ್ಣತೆ ಬರೆದುಕೊಳ್ಳಿ, ಅರ್ಧ ಗಂಟೆ ಆದ ಮೇಲೆ ಗ್ರಾಫ್ ಎಳೆಯಿರಿ. ಮೂರನೆಯ ಮತ್ತು ನಾಲ್ಕನೆಯ ಲೋಟದ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಟ್ಟೆ ಒಂದೇ, ಸುತ್ತಿದ ರೀತಿ ಒಂದೇ, ಬೇರೆಯಾದದ್ದು ತೇವ ಮಾತ್ರ.

ಆಮೇಲೆ ಮನೆಗೆ ಹೋಗಿ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ: "ನಿಮ್ಮ ಕಾಲದಲ್ಲಿ ಚಳಿಗೆ ಏನು ಹೊದೀತಿದ್ರಿ? ಹರಿದರೆ ಏನು ಮಾಡ್ತಿದ್ರಿ?" ಅವರು ಹೇಳಿದ ಮಾತನ್ನು ಅವರದೇ ಪದಗಳಲ್ಲಿ ಗ್ರಾಫಿನ ಕೆಳಗೆ ಬರೆಯಿರಿ. ಮುಂದಿನ ಸಲ ಅಂಗಡಿಯಲ್ಲಿ ಹೊಳೆಯುವ ಜಾಕೆಟ್ ಕೈಗೆ ಬಂದಾಗ ದಪ್ಪ ಎಷ್ಟಿದೆ ಅಂತ ಹಿಚುಕಿ ನೋಡುವ ಮೊದಲು ಒಳಗನ್ನು ಹೊರಗೆ ಮಾಡಿ ಹೊಲಿಗೆ ನೋಡಿ.